ತಂಡವೂ ಅವನದ್ದೇ, ತೀರ್ಪೂ ಅವನದ್ದೇ!

ಗಲ್ಲಿ ಕ್ರಿಕೆಟ್ ಆಡಿದವರಿಗೆಲ್ಲ ಈ ದೃಶ್ಯ ಗೊತ್ತೇ ಇರುತ್ತೆ. ಬ್ಯಾಟ್ ತಂದ ಹುಡುಗ ಮೊದಲನೇ ಬಾಲಿಗೇ ಬೌಲ್ಡ್. ಎಲ್ಲರೂ ಔಟು ಔಟು ಅಂತ ಕೂಗ್ತಾರೆ. ಅವನು ಮಾತ್ರ ತಣ್ಣಗೆ, "ಅದು ಟ್ರಯಲ್ ಬಾಲ್ ಕಣ್ರೋ" ಅಂತಾನೆ. ಒಪ್ಪದಿದ್ರೆ ಬ್ಯಾಟ್ ಕಂಕುಳಲ್ಲಿಟ್ಟುಕೊಂಡು ಮನೆಗೆ ಹೊರಡ್ತಾನೆ. ಮುಗೀತು. ಆಡೋನೂ ಅವನೇ, ಅಂಪೈರೂ ಅವನೇ.

ಇದೇ ಜಗಳ ಅಮೆರಿಕದಲ್ಲಿ ನಲವತ್ತು ವರ್ಷಗಳಿಂದ ನಡೀತಾ ಇದೆ. ಅಲ್ಲಿ ಜಗಳ ಆಡೋರ ಕೈಯಲ್ಲಿ ಬ್ಯಾಟೂ ಇಲ್ಲ, ಬಾಲೂ ಇಲ್ಲ. ಅವರು ಆಡ್ತಾ ಇರೋದು ಫ್ಯಾಂಟಸಿ ಬೇಸ್‌ಬಾಲ್.

ಅಷ್ಟಕ್ಕೂ ಏನಿದು? ಡ್ರೀಮ್ 11 ಹೆಸರು ಕೇಳಿದವರಿಗೆ ಅರ್ಧ ಅರ್ಥವಾದ ಹಾಗೇ. ನಿಜವಾದ ಆಟಗಾರರನ್ನು ಆರಿಸಿ ನೀವೊಂದು ಕಾಲ್ಪನಿಕ ತಂಡ ಕಟ್ತೀರಿ. ಮೈದಾನದಲ್ಲಿ ಅವರು ಹೇಗೆ ಆಡ್ತಾರೋ ಅದರ ಮೇಲೆ ನಿಮಗೆ ಅಂಕ. ವ್ಯತ್ಯಾಸ ಇರೋದು ಅವಧಿಯಲ್ಲಿ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಒಂದೊಂದು ತಂಡ ಒಂದು ಸೀಸನ್‌ಗೆ 162 ಪಂದ್ಯ ಆಡುತ್ತೆ. ಅಂದ್ರೆ ಹತ್ತು ಹನ್ನೆರಡು ಜನ ಗೆಳೆಯರು ಸೇರಿ ಲೀಗ್ ಶುರು ಮಾಡಿದ್ರೆ, ಆ ಪೈಪೋಟಿ ಸುಮಾರು ಆರು ತಿಂಗಳು ನಡೆಯುತ್ತೆ. ಆರು ತಿಂಗಳು ಪ್ರತಿದಿನ ತಲೆ ಕೆಡಿಸಿಕೊಂಡವನಿಗೆ ಕೊನೆಯಲ್ಲಿ ಅನ್ಯಾಯ ಆದ್ರೆ ಸುಮ್ಮನಿರ್ತಾನಾ?

ಇದರ ಈಗಿನ ರೂಪ ಶುರುವಾಗಿದ್ದು 1980ರಲ್ಲಿ. ಡೇನಿಯಲ್ ಓಕ್ರೆಂಟ್ ಅನ್ನೋ ಬರಹಗಾರ ಮತ್ತು ಅವರ ಗೆಳೆಯರು ನ್ಯೂಯಾರ್ಕ್‌ನ ಒಂದು ಫ್ರೆಂಚ್ ರೆಸ್ಟೋರೆಂಟ್‌ನಲ್ಲಿ ಸೇರ್ತಾ ಇದ್ರು. ಅದರ ಹೆಸರು ಲಾ ರೋಟಿಸರಿ ಫ್ರಾಂಸೇಸ್. ಹಾಗಾಗಿ ಆಟಕ್ಕೂ ರೋಟಿಸರಿ ಅಂತಲೇ ಹೆಸರು ಬಿತ್ತು. 260 ಡಾಲರ್ ಮಿತಿಯೊಳಗೆ ಹರಾಜು ಕೂಗಿ 23 ಆಟಗಾರರನ್ನು ಕೊಳ್ಳಬೇಕು ಅನ್ನೋ ಅವರ ಮಾದರಿ ಇವತ್ತಿಗೂ ಅನೇಕ ಲೀಗ್‌ಗಳಲ್ಲಿದೆ. ಆಗ ಅಂಕಿಅಂಶಗಳನ್ನು ಕೈಯಲ್ಲೇ ಲೆಕ್ಕ ಹಾಕ್ತಿದ್ರು. ಈಗ ಆ ಕೆಲಸ ಕಂಪ್ಯೂಟರ್ ಮಾಡುತ್ತೆ. ಆದರೆ ಕಂಪ್ಯೂಟರ್ ಕೂಡೋದು, ಕಳೆಯೋದು ಮಾಡಬಹುದೇ ಹೊರತು ನ್ಯಾಯ ಹೇಳೋಕೆ ಅದರಿಂದ ಆಗಲ್ಲ. ಅದಕ್ಕೆ ಪ್ರತಿ ಲೀಗ್‌ಗೂ ಒಬ್ಬ ಕಮಿಷನರ್ ಇರ್ತಾನೆ.

ಇಲ್ಲೇ ಇರೋದು ನೋಡಿ ಅಸಲಿ ವಿಷಯ. ಗೆಳೆಯರ ಲೀಗ್‌ಗಳಲ್ಲಿ ಈ ಕಮಿಷನರ್ ಸಾಮಾನ್ಯವಾಗಿ ಆಡುವವರಲ್ಲೇ ಒಬ್ಬ. ಅವನಿಗೂ ಒಂದು ತಂಡ ಇರುತ್ತೆ, ಅವನಿಗೂ ಗೆಲ್ಲೋ ಆಸೆ ಇರುತ್ತೆ. ಆದರೆ ನಿಯಮ ಬದಲಾಯಿಸೋದು, ಬೇರೆಯವರ ತಂಡದ ಪಟ್ಟಿ ತಿದ್ದೋದು, ವಿನಿಮಯ ತಡೆಯೋದು, ಈ ಅಧಿಕಾರ ಎಲ್ಲಾ ಅವನ ಕೈಯಲ್ಲಿ. ಬೇಲಿಯೇ ಎದ್ದು ಹೊಲ ಮೇಯ್ದರೆ ಕೇಳೋರು ಯಾರು?

ಒಂದು ಉದಾಹರಣೆ ತಗೊಳ್ಳಿ. ಆಗಸ್ಟ್ ತಿಂಗಳು. ಕೊನೆ ಸ್ಥಾನದಲ್ಲಿರೋ ಒಬ್ಬ, ತನಗೆ ಇನ್ನು ಗೆಲ್ಲೋಕೆ ಆಗಲ್ಲ ಅಂತ, ತನ್ನ ತಂಡದ ಅತ್ಯುತ್ತಮ ಆಟಗಾರರನ್ನು ಎರಡನೇ ಸ್ಥಾನದಲ್ಲಿರೋ ಗೆಳೆಯನಿಗೆ ಪುಕ್ಕಟೆ ಅನ್ನೋ ಹಾಗೆ ಕೊಟ್ಟುಬಿಡ್ತಾನೆ. ಇದು ಒಳಒಪ್ಪಂದ. ಇದನ್ನ ತಡೀಲೇಬೇಕು. ಯಾಹೂನಂಥ ವೇದಿಕೆಗಳಲ್ಲಿ ವಿನಿಮಯವನ್ನು ಕಮಿಷನರ್ ಪರಿಶೀಲಿಸಬಹುದು, ಇಲ್ಲವೇ ಉಳಿದವರೆಲ್ಲ ಓಟು ಹಾಕಿ ತಿರಸ್ಕರಿಸಬಹುದು.

ಓಟು ಅಂದ ತಕ್ಷಣ ನ್ಯಾಯ ಸಿಕ್ತು ಅಂದ್ಕೋಬೇಡಿ. ಓಟು ಹಾಕೋರು ಯಾರು? ಎಲ್ಲರೂ ಎದುರಾಳಿಗಳೇ. ಪ್ರಾಮಾಣಿಕ ವಿನಿಮಯವನ್ನೂ, ಅದರಿಂದ ಎದುರಾಳಿ ಬಲವಾಗ್ತಾನೆ ಅನ್ನೋ ಒಂದೇ ಕಾರಣಕ್ಕೆ ಬೀಳಿಸಿಬಿಡಬಹುದು. ಒಬ್ಬ ತಪ್ಪು ಲೆಕ್ಕ ಹಾಕಿ ನಷ್ಟದ ವ್ಯಾಪಾರ ಮಾಡಿಕೊಂಡ್ರೆ ಅದು ಅವನ ದಡ್ಡತನ. ದಡ್ಡತನಕ್ಕೆ ಶಿಕ್ಷೆ ಕೊಡೋಕೆ ಯಾರಿಗೂ ಹಕ್ಕಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: "ಈ ವಿನಿಮಯದಿಂದ ನಿನ್ನ ತಂಡಕ್ಕೇನು ಲಾಭ?" ಇಬ್ಬರ ಬಳಿಯೂ ಒಪ್ಪುವಂಥ ಉತ್ತರ ಇದ್ರೆ, ಬಿಟ್ಟುಬಿಡಬೇಕು. ಕಮಿಷನರ್‌ದ್ದೇ ವಿನಿಮಯ ಆಗಿದ್ರೆ ಆ ಪ್ರಶ್ನೆ ಕೇಳೋಕೆ ಲೀಗ್‌ನಲ್ಲಿಲ್ಲದ ಮೂರನೆಯವನೊಬ್ಬ ಬೇಕು. ಅವನು ಯಾರು ಅನ್ನೋದು ಸೀಸನ್ ಶುರುವಾಗೋ ಮೊದಲೇ ತೀರ್ಮಾನ ಆಗಿರಬೇಕು.

ಯಾಕೆ ಮೊದಲೇ? ಆಟದ ಮಧ್ಯದಲ್ಲಿ ಮಾಡೋ ನಿಯಮ ಎಷ್ಟೇ ಒಳ್ಳೇದಿದ್ರೂ ಅದು ಯಾರದೋ ಹೊಟ್ಟೆ ಮೇಲೆ ಹೊಡೆದೇ ಹೊಡೆಯುತ್ತೆ. 2018ರಲ್ಲಿ ಜಪಾನ್‌ನ ಶೋಹೇ ಓಹ್ತಾನಿ ಲಾಸ್ ಏಂಜಲೀಸ್ ಏಂಜಲ್ಸ್ ತಂಡಕ್ಕೆ ಬಂದ್ರು. ಅವರು ಪಿಚರ್ ಆಗಿ ಚೆಂಡನ್ನೂ ಎಸೀತಾರೆ, ಬ್ಯಾಟನ್ನೂ ಬೀಸ್ತಾರೆ. ಹಾಗಾದ್ರೆ ಫ್ಯಾಂಟಸಿಯಲ್ಲಿ ಅವರು ಒಬ್ಬರೋ, ಇಬ್ಬರೋ? ಯಾಹೂ ಅವರನ್ನು ಬ್ಯಾಟರ್ ಓಹ್ತಾನಿ, ಪಿಚರ್ ಓಹ್ತಾನಿ ಅಂತ ಇಬ್ಬರನ್ನಾಗಿ ಮಾಡ್ತು. ಒಬ್ಬರೇ ಅಂತ ಲೆಕ್ಕ ಹಾಕಿದ್ರೂ ತಪ್ಪೇನಿಲ್ಲ. ಆದರೆ ಹರಾಜು ಮುಗಿದ ಮೇಲೆ ತೀರ್ಮಾನ ಮಾಡಿದ್ರೆ? ದುಡ್ಡು ಸುರಿದು ಕೊಂಡವನ ಗತಿ ಏನು?

1994ರಲ್ಲಿ ಇನ್ನೂ ದೊಡ್ಡ ಪ್ರಶ್ನೆ ಎದ್ದಿತ್ತು. ಆಗಸ್ಟ್ 12ರಂದು ಆಟಗಾರರ ಮುಷ್ಕರ ಶುರುವಾಯ್ತು. ಆ ವರ್ಷದ ಉಳಿದ ಪಂದ್ಯಗಳೂ ಇಲ್ಲ, ವರ್ಲ್ಡ್ ಸೀರೀಸೂ ಇಲ್ಲ. ಕೋವಿಡ್ ಬಂದ 2020ರಲ್ಲಿ 162 ಪಂದ್ಯ 60ಕ್ಕೆ ಇಳೀತು. ಇಂಥ ಹೊತ್ತಲ್ಲಿ ಗೆದ್ದವರು ಯಾರು? ಕಟ್ಟಿದ ಹಣ ಯಾರಿಗೆ? ಉತ್ತರವನ್ನು ಬರೆದಿಟ್ಟುಕೊಳ್ಳದ ಲೀಗ್‌ನಲ್ಲಿ ಏನಾಗಿರಬಹುದು, ನೀವೇ ಊಹಿಸಿ.

ಇದೆಲ್ಲ ಗೆಳೆಯರ ನಡುವಿನ ಮಾತಾಯ್ತು. ಕೋಟಿಗಟ್ಟಲೆ ಹಣ ಓಡಾಡೋ ಕಡೆ ಏನು ಕಥೆ? ಡ್ರಾಫ್ಟ್‌ಕಿಂಗ್ಸ್ ಮತ್ತು ಫ್ಯಾನ್‌ಡ್ಯುಯೆಲ್, ಬೇಸ್‌ಬಾಲ್, ಫುಟ್‌ಬಾಲ್ ಎಲ್ಲದಕ್ಕೂ ದಿನನಿತ್ಯದ ಫ್ಯಾಂಟಸಿ ಪಂದ್ಯ ನಡೆಸೋ ಕಂಪನಿಗಳು. 2015ರ ಸೆಪ್ಟೆಂಬರ್‌ನಲ್ಲಿ ಡ್ರಾಫ್ಟ್‌ಕಿಂಗ್ಸ್‌ನ ನೌಕರನೊಬ್ಬ, ಫುಟ್‌ಬಾಲ್ ಸ್ಪರ್ಧೆಯೊಂದರಲ್ಲಿ ಯಾವ ಆಟಗಾರನನ್ನು ಶೇಕಡಾ ಎಷ್ಟು ಜನ ಆರಿಸಿದ್ದಾರೆ ಅನ್ನೋ ಮಾಹಿತಿಯನ್ನು ಸಮಯಕ್ಕೆ ಮೊದಲೇ ಪ್ರಕಟಿಸಿಬಿಟ್ಟ. ಅದೇ ವಾರ ಅವನು ಫ್ಯಾನ್‌ಡ್ಯುಯೆಲ್‌ನಲ್ಲಿ ಮೂರೂವರೆ ಲಕ್ಷ ಡಾಲರ್ ಗೆದ್ದಿದ್ದ. ಬೇರೆಯವರು ಯಾರನ್ನು ಆರಿಸಿದ್ದಾರೆ ಅಂತ ಮೊದಲೇ ಗೊತ್ತಾದ್ರೆ, ಇಸ್ಪೀಟಿನಲ್ಲಿ ಎದುರಿನವನ ಎಲೆ ನೋಡಿದ ಹಾಗೆ ತಾನೇ?

ಡ್ರಾಫ್ಟ್‌ಕಿಂಗ್ಸ್ ಮಾಡಿಸಿದ ತನಿಖೆಯಲ್ಲಿ, ಆ ಮಾಹಿತಿ ಅವನ ಕೈಗೆ ಸಿಕ್ಕಿದ್ದು ತಂಡ ಬದಲಾಯಿಸೋ ಗಡುವು ಮುಗಿದ ಮೇಲೆ, ಹಾಗಾಗಿ ಅವನಿಗೆ ಅದರಿಂದ ಲಾಭ ಆಗಿಲ್ಲ ಅಂತ ಬಂತು. ಇರಬಹುದು. ಆದರೆ ಸೋತ ಸಾವಿರಾರು ಜನರ ಮನಸ್ಸಿನಲ್ಲಿ ಬಿದ್ದ ಅನುಮಾನವನ್ನು ಯಾವ ವರದಿ ಅಳಿಸುತ್ತೆ? ಒಳಗಿನ ಮಾಹಿತಿ ನೋಡೋ ನೌಕರ, ಪಕ್ಕದ ಕಂಪನಿಯಲ್ಲಿ ಜನರ ವಿರುದ್ಧ ಹಣ ಕಟ್ಟಿ ಆಡಬಹುದು ಅಂತ ಬಿಟ್ಟಿದ್ದೇ ಮೂಲ ತಪ್ಪು. ಆ ಗದ್ದಲದ ನಂತರ ಎರಡೂ ಕಂಪನಿಗಳು ನೌಕರರು ಆಡೋದನ್ನು ನಿಷೇಧಿಸಿದವು. 2016ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ನಿಯಮವನ್ನೇ ತಂತು. 21 ವರ್ಷದೊಳಗಿನವರು ಆಡುವಂತಿಲ್ಲ, ನೌಕರರು ಆಡುವಂತಿಲ್ಲ, ಪಳಗಿದ ಆಟಗಾರ ಯಾರು ಅಂತ ಪರದೆ ಮೇಲೆ ಗುರುತಿರಬೇಕು, ಹೊಸಬರಿಗೆ ಪ್ರತ್ಯೇಕ ಪಂದ್ಯ ಇರಬೇಕು.

ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನೇ ನಿಷೇಧಿಸೋ ಕಾಯ್ದೆ ಮಾಡ್ತು. ಡ್ರೀಮ್ 11 ಹಣದ ಪಂದ್ಯಗಳನ್ನು ನಿಲ್ಲಿಸಿತು. ಅಮೆರಿಕದ್ದು ಆಟ ಇರಲಿ, ಕಾವಲಿರಲಿ ಅನ್ನೋ ದಾರಿ. ನಮ್ಮದು ಆಟವೇ ಬೇಡ ಅನ್ನೋ ದಾರಿ. ಯಾವುದು ಸರಿ ಅನ್ನೋ ಚರ್ಚೆ ಇನ್ನೊಂದು ದಿನಕ್ಕಿರಲಿ.

ಇವತ್ತಿಗೆ ಇಷ್ಟು ಸಾಕು: ನಿಯಮ ಮೊದಲೇ ಬರೆದಿರಬೇಕು. ಎಲ್ಲರಿಗೂ ಒಂದೇ ಆಗಿರಬೇಕು. ತೀರ್ಪು ಕೊಡೋನು ತನ್ನ ವಿಷಯ ಬಂದಾಗ ಕುರ್ಚಿ ಬಿಟ್ಟು ಏಳಬೇಕು. ಮಾಡಿದ ಪ್ರತಿ ಬದಲಾವಣೆಯೂ ಎಲ್ಲರ ಕಣ್ಣಿಗೆ ಕಾಣಬೇಕು. ಹನ್ನೆರಡು ಜನರ ಲೀಗ್ ಇರಲಿ, ನಮ್ಮೂರ ಹಾಲಿನ ಸೊಸೈಟಿ ಇರಲಿ, ಅಪಾರ್ಟ್‌ಮೆಂಟಿನ ಸಂಘ ಇರಲಿ, ಜನ ಸೋಲನ್ನು ಒಪ್ಪಿಕೊಳ್ಳೋದು ಈ ನಂಬಿಕೆ ಇದ್ದಾಗ ಮಾತ್ರ.

ಕೊನೆಗೊಂದು ಮಾತು. ಈ ಆಟ ಹುಟ್ಟುಹಾಕಿದ ಓಕ್ರೆಂಟ್ ಅವರನ್ನು 2003ರಲ್ಲಿ ನ್ಯೂಯಾರ್ಕ್ ಟೈಮ್ಸ್ ತನ್ನ ಮೊದಲ ಪಬ್ಲಿಕ್ ಎಡಿಟರ್ ಆಗಿ ನೇಮಿಸಿತು. ಕೆಲಸ ಏನು ಗೊತ್ತಾ? ಓದುಗರ ಪರವಾಗಿ ಅದೇ ಪತ್ರಿಕೆಯ ತಪ್ಪುಗಳನ್ನು ಅದೇ ಪತ್ರಿಕೆಯಲ್ಲಿ ಬರೆಯೋದು. ಇನ್ನೊಂದು ಗೊತ್ತಾ? ತಾವೇ ನಿಯಮ ಬರೆದ ರೋಟಿಸರಿ ಆಟದಲ್ಲಿ ಓಕ್ರೆಂಟ್ ಒಮ್ಮೆಯೂ ಲೀಗ್ ಗೆಲ್ಲಲಿಲ್ಲ. ಟ್ರಯಲ್ ಬಾಲ್ ಅಂತ ಬ್ಯಾಟ್ ಎತ್ತಿಕೊಂಡು ಮನೆಗೂ ಹೋಗಲಿಲ್ಲ.