ಜರ್ಮನಿಯಲ್ಲಿ ಓದು ಪುಕ್ಕಟೆನಾ?

ಜರ್ಮನಿಯಲ್ಲಿ ಓದು ಪುಕ್ಕಟೆ ಅಂತ ನಿಮಗೂ ಯಾರೋ ಹೇಳಿರ್ತಾರೆ. ಅದು ಅರ್ಧ ನಿಜ.

ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಸೆಮಿಸ್ಟರ್‌ಗೊಮ್ಮೆ ಒಂದಿಷ್ಟು ಯೂರೋ ಕಟ್ಟಿದ್ರೆ ಆಯ್ತು. ಎಷ್ಟೋ ಕಡೆ ಬಸ್ಸು, ರೈಲಿನ ಪಾಸೂ ಅದರಲ್ಲೇ ಬರುತ್ತೆ. ಆದರೆ ರಾಜ್ಯ ಯಾವುದು ಅಂತ ನೋಡ್ಕೊಳ್ಳಿ. ಹೈಡೆಲ್‌ಬರ್ಗ್, ಸ್ಟುಟ್‌ಗಾರ್ಟ್ ಇರೋ ಬಾಡೆನ್-ವ್ಯುರ್ಟೆಂಬರ್ಗ್‌ನಲ್ಲಿ 2017ರಿಂದ ನಮ್ಮ ಮಕ್ಕಳು ಸೆಮಿಸ್ಟರ್‌ಗೆ 1,500 ಯೂರೋ ಕೊಡಬೇಕು. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಶುರು ಮಾಡಿದೆ.

ನಿಜವಾದ ಭಾರ ಬೇರೆ ಇದೆ, ಬ್ಲಾಕ್ಡ್ ಅಕೌಂಟ್. ಒಂದು ವರ್ಷದ ಖರ್ಚನ್ನ ವೀಸಾಕ್ಕೆ ಮೊದಲೇ ಒಟ್ಟಿಗೆ ಹಾಕಿ ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ ಮೊತ್ತ 11,904 ಯೂರೋ, ಅಂದ್ರೆ ಹತ್ತು ಲಕ್ಷ ರೂಪಾಯಿಗೂ ಮೇಲೆ. ಇದು ಫೀಸಲ್ಲ, ನಿಮ್ಮದೇ ದುಡ್ಡು. ಅಲ್ಲಿ ಹೋಗಿ ಇಳಿದ ಮೇಲೆ ತಿಂಗಳಿಗೆ 992 ಯೂರೋದಂತೆ ವಾಪಸ್ ಬರುತ್ತೆ. ಬಾಡಿಗೆ, ಊಟ, ಆರೋಗ್ಯ ವಿಮೆ, ಎಲ್ಲ ಅದರಲ್ಲೇ. ಮ್ಯೂನಿಕ್‌ನಂಥ ಊರಲ್ಲಿ ಒಂದು ಕೋಣೆಯ ಬಾಡಿಗೆಗೇ ದೊಡ್ಡ ಪಾಲು ಹೋಗುತ್ತೆ.

ಪಾರ್ಟ್‌ಟೈಮ್ ಕೆಲಸ? ವರ್ಷಕ್ಕೆ 140 ಪೂರ್ತಿ ದಿನ, ಇಲ್ಲವೇ 280 ಅರ್ಧ ದಿನ ಮಾಡಬಹುದು. ಜರ್ಮನ್ ಬಾರದಿದ್ರೆ ಕೆಲಸ ಸಿಗೋದು ಕಷ್ಟ. ದಯವಿಟ್ಟು ಮೊದಲ ವರ್ಷ ಅದನ್ನ ನಂಬಿ ಹೊರಡಬೇಡಿ.

ಅಪ್ಪ-ಅಮ್ಮ ಮನೆಪತ್ರ ಅಡ ಇಡೋ ಮೊದಲು ಬ್ಯಾಂಕಿನಲ್ಲಿ ಎರಡು ಮಾತು ಕೇಳಿ. ಬ್ಲಾಕ್ಡ್ ಅಕೌಂಟ್‌ನ ಹಣ ಸಾಲದಲ್ಲಿ ಸೇರುತ್ತಾ? ವೀಸಾ ಅರ್ಜಿ ಹಾಕೋ ಹೊತ್ತಿಗೆ ಆ ಹಣ ಕೈಗೆ ಬರುತ್ತಾ?