ಸಿಮೆಂಟ್ ಅಗ್ಗವಾದರೆ ಮನೆ ಅಗ್ಗವಾಗುತ್ತದೆಯೇ?

ಬೆಂಗಳೂರಿನಲ್ಲಿ ಮನೆ ಏಕಿಷ್ಟು ದುಬಾರಿ ಎಂದು ಕೇಳಿ ನೋಡಿ. ಸಿಮೆಂಟು, ಕಬ್ಬಿಣ, ಬಿಲ್ಡರುಗಳ ದುರಾಸೆ ಎಂಬ ಉತ್ತರ ಥಟ್ಟನೆ ಬರುತ್ತದೆ. ಆದರೆ ಸಿಮೆಂಟ್ ಮೂಟೆಯ ದರ ಜಯನಗರದಲ್ಲೂ ತುಮಕೂರಿನಲ್ಲೂ ಹೆಚ್ಚುಕಡಿಮೆ ಒಂದೇ. ಮನೆಯ ದರ ಒಂದೇ ಇದೆಯೇ? ವ್ಯತ್ಯಾಸ ಇರುವುದು ನೆಲದಲ್ಲಿ, ಮತ್ತು ಆ ನೆಲದ ಮೇಲೆ ಎಷ್ಟು ಕಟ್ಟಬಹುದು ಎಂಬ ನಿಯಮದಲ್ಲಿ.

30x40 ಸೈಟನ್ನೇ ತೆಗೆದುಕೊಳ್ಳಿ. ವಿಸ್ತೀರ್ಣ 1,200 ಚದರಡಿ. ಬಿಡಿಎಯ 2015ರ ಪರಿಷ್ಕೃತ ಮಾಸ್ಟರ್ ಪ್ಲ್ಯಾನಿನಲ್ಲಿ ಇಂಥ ಸಣ್ಣ ಸೈಟಿಗೆ ಎಫ್‌ಎಆರ್ 1.75. ಅಂದರೆ ಎಲ್ಲ ಮಹಡಿ ಸೇರಿ ಸೈಟಿನ ವಿಸ್ತೀರ್ಣದ 1.75 ಪಟ್ಟು, 2,100 ಚದರಡಿ ಕಟ್ಟಬಹುದು. ನೆಲಕ್ಕೆ ಚದರಡಿಗೆ 10,000 ರೂಪಾಯಿ ಎಂದಿಟ್ಟುಕೊಂಡರೆ, ಪಾಯ ತೋಡುವ ಮೊದಲೇ ಕಟ್ಟಲಿರುವ ಪ್ರತಿ ಚದರಡಿಯ ಮೇಲೆ ಸುಮಾರು 5,700 ರೂಪಾಯಿ ಬಿದ್ದಿರುತ್ತದೆ. ಎಫ್‌ಎಆರ್ 2.5 ಇದ್ದರೆ ಅದು 4,000ಕ್ಕೆ ಇಳಿಯುತ್ತದೆ. (ಮಿತಿ ಮೀರಿ ಇನ್ನೊಂದು ಮಹಡಿ ಎಬ್ಬಿಸದ ಬೀದಿ ಯಾವುದಿದೆ ಎನ್ನುವುದು ಬೇರೆ ಮಾತು.)

ಹಾಗಾದರೆ ಎಫ್‌ಎಆರ್ ಏರಿಸಿದ ಮರುದಿನವೇ ಮನೆ ಅಗ್ಗವೇ? ಅದೂ ತಪ್ಪು. ನಾಲ್ಕು ಅಗಲ ರಸ್ತೆಗಳಿಗಷ್ಟೇ ಅನುಮತಿ ಕೊಟ್ಟರೆ ಅಲ್ಲಿನ ಸೈಟುಗಳ ಮಾಲೀಕರು ದರ ಏರಿಸಿ ಲಾಭವನ್ನೆಲ್ಲ ತಾವೇ ಬಾಚಿಕೊಳ್ಳುತ್ತಾರೆ. ನ್ಯೂಜಿಲೆಂಡಿನ ಆಕ್ಲೆಂಡ್ 2016ರಲ್ಲಿ ವಸತಿ ಪ್ರದೇಶದ ಸುಮಾರು ಮುಕ್ಕಾಲು ಪಾಲಿನಲ್ಲಿ ಹೆಚ್ಚು ಮನೆ ಕಟ್ಟಲು ಬಿಟ್ಟಿತು. ಆಮೇಲೆ ಹೊಸ ಮನೆಗಳ ನಿರ್ಮಾಣ ಜೋರಾಯಿತು. ನಮ್ಮಲ್ಲಿ ಹಾಗೆ ಮಾಡುವ ಮೊದಲು ಕಾವೇರಿ ನೀರು, ಒಳಚರಂಡಿಯ ಲೆಕ್ಕ ಹಾಕಲೇಬೇಕು. ಆದರೆ ಲೆಕ್ಕ ಹಾಕಬೇಕಾದ ಯೋಜನೆಯೇ ಹಳೆಯದು: 2031ರ ಮಾಸ್ಟರ್ ಪ್ಲ್ಯಾನಿನ ಕರಡು 2017ರಲ್ಲಿ ಬಂತು, ಬಳಿಕ ಸರ್ಕಾರವೇ ಅದನ್ನು ಹಿಂಪಡೆಯಿತು.

ಇನ್ನು ‘ರೆವಿನ್ಯೂ ಸೈಟು ಅಗ್ಗ, ಅಲ್ಲೇ ಜಾಣತನ’ ಎಂಬ ನಂಬಿಕೆ. ಅನುಮೋದಿತ ಬಡಾವಣೆ ಮಾಡುವವರು ರಸ್ತೆ, ಪಾರ್ಕು, ನಾಗರಿಕ ಸೌಲಭ್ಯಕ್ಕೆ ಜಾಗ ಬಿಡಬೇಕು, ಚರಂಡಿ ಹಾಕಬೇಕು. ಆ ಖರ್ಚು ಉಳಿದ ಸೈಟುಗಳ ದರಕ್ಕೆ ಸೇರುತ್ತದೆ. ಭೂಪರಿವರ್ತನೆಯನ್ನೂ ಮಾಡಿಸದೆ ಹೊಲವನ್ನು ತುಂಡು ಮಾಡಿ ರೆವಿನ್ಯೂ ಸೈಟೆಂದು ಮಾರುವವರಿಗೆ ಈ ಯಾವ ಖರ್ಚೂ ಇಲ್ಲ. ಆಮೇಲೆ ಬ್ಯಾಂಕ್ ಸಾಲಕ್ಕೂ ನಕ್ಷೆ ಮಂಜೂರಾತಿಗೂ ಅಲೆಯುವವರು ಕೊಂಡವರೇ. ಅಡ್ವಾನ್ಸ್ ಕೊಡುವ ಮುನ್ನ ಭೂಪರಿವರ್ತನೆ ಆದೇಶ, ಮಂಜೂರಾದ ಬಡಾವಣೆ ನಕ್ಷೆ, ಖಾತೆ ಮೂರನ್ನೂ ಕೇಳಿ ಪಡೆದು ವಕೀಲರಿಗೆ ತೋರಿಸಿ.