ಭದ್ರೆಯ ದಡದ ಕುಲುಮೆ
ಸೌದೆಯಿಂದ ಕಬ್ಬಿಣ ಕರಗಿಸಲು ಹೊರಟ ಕಾರ್ಖಾನೆ ನೂರು ತುಂಬುವ ಹೊತ್ತಿಗೆ ಅದಿರಿಗೆ ಪರದಾಡಿದ ಕಥೆ

ಟಾಟಾ ಅವರ ಜಮ್‌ಶೆಡ್‌ಪುರಕ್ಕೆ ಕಲ್ಲಿದ್ದಲು ಹತ್ತಿರವಿತ್ತು. ಮೈಸೂರು ಸಂಸ್ಥಾನಕ್ಕೆ ಅದೊಂದೇ ಕೊರತೆ. ಕೆಮ್ಮಣ್ಣುಗುಂಡಿಯಲ್ಲಿ ಅದಿರು, ಬೆಂಕಿಪುರದ ಮಗ್ಗುಲಲ್ಲೇ ಭದ್ರಾ ನದಿ, ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು, ಸುತ್ತ ಮಲೆನಾಡಿನ ಕಾಡು. ಕಲ್ಲಿದ್ದಲು ಇಲ್ಲದಿದ್ದರೇನು, ಇದ್ದಿಲಿನಲ್ಲೇ ಕಬ್ಬಿಣ ತೆಗೆಯೋಣ ಎಂದು ಹೊರಟಿತು ಸರ್ಕಾರ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ಎಂ. ವಿಶ್ವೇಶ್ವರಯ್ಯನವರು ದಿವಾನರು. 1918ರಲ್ಲಿ ಯೋಜನೆ ಕೈಗೂಡಿತು, ಬೆಂಕಿಪುರ ಭದ್ರಾವತಿಯಾಯಿತು, 1923ರ ಜನವರಿಯಲ್ಲಿ ಕುಲುಮೆಗೆ ಬೆಂಕಿ ಬಿತ್ತು.

ಆಗ ಕಾರ್ಖಾನೆಯ ಹೆಸರು ‘ಮೈಸೂರು ವುಡ್ ಡಿಸ್ಟಿಲೇಶನ್ ಅಂಡ್ ಐರನ್ ವರ್ಕ್ಸ್’. ಸೌದೆಗೆ ಹೆಸರಿನಲ್ಲೇ ಅಗ್ರಸ್ಥಾನ! ಒಂದು ಟನ್ ಕಬ್ಬಿಣಕ್ಕೆ ಹೆಚ್ಚುಕಡಿಮೆ ಒಂದು ಟನ್ ಇದ್ದಿಲು ಬೇಕು. ಅಷ್ಟು ಇದ್ದಿಲಿಗೆ ಅದರ ಮೂರು ನಾಲ್ಕು ಪಟ್ಟು ಸೌದೆ. ಸೌದೆಯನ್ನು ಗಾಳಿಯಾಡದಂತೆ ಕಾಯಿಸಿ ಇದ್ದಿಲು ಮಾಡುವಾಗ ಏಳುವ ಹೊಗೆಯನ್ನೂ ಬಿಡದೆ ತಣಿಸಿ, ಟಾರು, ಮೆಥನಾಲ್, ಸುಣ್ಣದ ಅಸಿಟೇಟ್ ತೆಗೆಯುತ್ತಿದ್ದರು. ಕಬ್ಬಿಣದ ಖರ್ಚಿನ ಒಂದು ಪಾಲನ್ನು ಈ ರಾಸಾಯನಿಕಗಳೇ ತೂಗಿಸಬೇಕು ಎಂಬ ಲೆಕ್ಕ. ಅದಿರು ಕೆಮ್ಮಣ್ಣುಗುಂಡಿಯ ನೆತ್ತಿಯಿಂದ ತಣಿಗೆಬೈಲಿನವರೆಗೆ ರೋಪ್‌ವೇ ತೊಟ್ಟಿಲುಗಳಲ್ಲಿ ತೂಗಾಡುತ್ತ ಇಳಿದು, ಅಲ್ಲಿಂದ ಟ್ರಾಮ್ ಹಳಿ ಹಿಡಿಯುತ್ತಿತ್ತು.

ಲೆಕ್ಕ ಮೊದಲಿಗೇ ತಪ್ಪಿತು. ಇದ್ದಿಲಿನ ಕಬ್ಬಿಣದಲ್ಲಿ ಗಂಧಕದ ಅಂಶ ಕಡಿಮೆ, ಅದಕ್ಕೆ ಅಮೆರಿಕದಲ್ಲಿ ಗಿರಾಕಿ ಇದ್ದಾರೆ ಎಂದು ನಂಬಿ ನ್ಯೂಯಾರ್ಕ್‌ನ ಪೆರಿನ್ ಅಂಡ್ ಮಾರ್ಷಲ್ ಸಲಹೆಯಲ್ಲಿ ಕಟ್ಟಿದ ಕಾರ್ಖಾನೆ ಅದು. ಮೊದಲ ಮಹಾಯುದ್ಧ ಮುಗಿದದ್ದೇ ಕಬ್ಬಿಣದ ದರ ಕುಸಿಯಿತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು 1923ರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕರೆತಂದರು. 1929ರವರೆಗೆ ಅವರು ಅಲ್ಲಿದ್ದರು. ವಿದೇಶಿ ಪರಿಣತರ ಜಾಗಕ್ಕೆ ಮೈಸೂರಿನ ಎಂಜಿನಿಯರುಗಳು ಬಂದರು, ಖರ್ಚು ಇಳಿಯಿತು, ಎರಕದ ಪೈಪುಗಳ ತಯಾರಿಕೆ ಬಂತು. ತಮಗೆ ಬರಬೇಕಿದ್ದ ಸಂಭಾವನೆಯನ್ನು ಅವರು ಬೆಂಗಳೂರಿನಲ್ಲಿ ಕಸುಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ಇಂದಿನ ಎಸ್‌ಜೆಪಿ ಪಾಲಿಟೆಕ್ನಿಕ್ ಅದರ ಫಲ. ಅವರ ಬಗ್ಗೆ ಪವಾಡದಂಥ ಕಥೆಗಳು ಬೇಕಾದಷ್ಟಿವೆ. ನನಗೆ ಹೆಚ್ಚು ದೊಡ್ಡದಾಗಿ ಕಾಣುವುದು ಈ ಆರು ವರ್ಷದ ನೀರಸ ಜಮಾಖರ್ಚು.

1936ರಲ್ಲಿ ಉಕ್ಕಿನ ಘಟಕ ಬಂತು, ಹೆಸರಿಗೆ ‘ಸ್ಟೀಲ್’ ಸೇರಿತು. ಅದೇ ವರ್ಷ ಮೈಸೂರು ಕಾಗದ ಕಾರ್ಖಾನೆಯೂ ಹುಟ್ಟಿ, ಊರಿನ ಇನ್ನೊಂದು ಮಗ್ಗುಲು ಕಾಗದನಗರವಾಯಿತು. 1938ರಲ್ಲಿ ಸಿಮೆಂಟು. ಆಮೇಲೆ ಫೆರೊ ಸಿಲಿಕಾನ್.

ಕಾಡು ಎಷ್ಟೆಂದು ಕೊಟ್ಟೀತು? ಜೋಗದ ವಿದ್ಯುತ್ತು ಹರಿದು ಬಂದ ಮೇಲೆ, 1952ರಲ್ಲಿ ನಾರ್ವೆ ತಂತ್ರದ ಟಿಸ್ಲಾಂಡ್–ಹೋಲ್ ವಿದ್ಯುತ್ ಕುಲುಮೆಗಳು ನಿಂತವು. ಈಗ ಶಾಖ ಕೊಡುವ ಕೆಲಸ ಕರೆಂಟಿನದು. ಅದಿರಿನಿಂದ ಆಮ್ಲಜನಕ ಬಿಡಿಸಲಷ್ಟೇ ಇಂಗಾಲ. ಮುಂದೆ ಆಸ್ಟ್ರಿಯಾದ ಲಿಂಜ್–ಡೊನಾವಿಟ್ಜ್ ವಿಧಾನದಲ್ಲಿ ಉಕ್ಕು, ಆ ಮೇಲೆ ಮಿಶ್ರಲೋಹದ ವಿಶೇಷ ಉಕ್ಕು. ಭಿಲಾಯಿ, ರೂರ್ಕೆಲಾಗಳ ಜೊತೆ ಟನ್ನುಗಳ ಪೈಪೋಟಿಗೆ ಇಳಿಯದೆ, ರೈಲ್ವೆ ಮತ್ತು ರಕ್ಷಣಾ ಇಲಾಖೆಗೆ ಬೇಕಾದ ಗಟ್ಟಿ ಸರಕಿನತ್ತ ತಿರುಗಿದ್ದು ಜಾಣತನವೇ. ಹಾಗೆಯೇ ವಿದ್ಯುತ್ತು ಅಗ್ಗವಾಗಿರುವಷ್ಟು ದಿನ ಮಾತ್ರ ನಡೆಯುವ ಜಾಣತನ. 1990ರ ದಶಕದಲ್ಲಿ ಕಲ್ಲಿದ್ದಲಿನ ಕೋಕ್ ಉರಿಸುವ ಬ್ಲಾಸ್ಟ್ ಫರ್ನೇಸ್ ಹಾಕಬೇಕಾಯಿತು. ಯಾವ ಕಲ್ಲಿದ್ದಲು ಇಲ್ಲವೆಂದು ಸೌದೆಯಿಂದ ಶುರು ಮಾಡಿದ್ದರೋ, ಕೊನೆಗೆ ಅದನ್ನೇ ಹೊರಗಿನಿಂದ ತರಿಸಿಕೊಳ್ಳುವ ಹಾಗಾಯಿತು.

ಇಷ್ಟರಲ್ಲಿ ಒಡೆಯರೂ ಬದಲಾದರು. ಅರಸರ ಇಲಾಖೆಯಂತಿದ್ದದ್ದು 1962ರಲ್ಲಿ ಸರ್ಕಾರಿ ಕಂಪನಿ, ಎಪ್ಪತ್ತರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರು, 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ, ಅಂದರೆ ಸೇಲ್‌ನ ಅಧೀನ ಸಂಸ್ಥೆ, 1998ರಲ್ಲಿ ಅದರಲ್ಲೇ ವಿಲೀನ. ದೆಹಲಿಗೆ ಹೋದದ್ದೇ ತಪ್ಪಾಯಿತು ಎನ್ನುವವರು ಭದ್ರಾವತಿಯ ನ್ಯೂಟೌನಿನ ಚಹಾದಂಗಡಿಗಳಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ನನ್ನ ಮಟ್ಟಿಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಈ ಶತಮಾನದ ಆರಂಭದಲ್ಲಿ ಅರಣ್ಯದ ಕಾರಣಕ್ಕೆ ಕೆಮ್ಮಣ್ಣುಗುಂಡಿಯ ಗಣಿ ನಿಂತಿತು. ಕಾಡಿನ ಪಾಲಿಗೆ ಅದು ನ್ಯಾಯವೇ. ಆದರೆ ಸ್ವಂತ ಗಣಿ ಇಲ್ಲದ ಸಣ್ಣ ಉಕ್ಕಿನ ಕಾರ್ಖಾನೆ ಪೇಟೆ ದರಕ್ಕೆ ಅದಿರು ಕೊಂಡು, ದೂರದ ಕೋಕ್ ಸುಟ್ಟು, ಗಣಿ ಉಳ್ಳವರ ಜೊತೆ ಸ್ಪರ್ಧಿಸಬೇಕು. ಬದಲಿ ಗಣಿಯ ಮಾತು ವರ್ಷಗಟ್ಟಲೆ ಮಾತಾಗಿಯೇ ಉಳಿಯಿತು.

2019ರಲ್ಲಿ ಖಾಸಗಿಯವರನ್ನು ಕರೆದರು; ಸಾಕಷ್ಟು ಆಸಕ್ತಿ ಕಾಣದೆ 2022ರಲ್ಲಿ ಆ ಪ್ರಯತ್ನ ಕೈಬಿಟ್ಟರು. ಮರುವರ್ಷ, ಮೊದಲ ಕುಲುಮೆ ಉರಿದು ಸರಿಯಾಗಿ ನೂರು ವರ್ಷವಾದ ಜನವರಿಯಲ್ಲಿ, ಮುಚ್ಚುವ ನಿರ್ಧಾರ ಬಂತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಕಾಗದ ಕಾರ್ಖಾನೆ ಅದಾಗಲೇ ನಿಂತಿದ್ದ ಊರಿಗೆ ಎರಡನೆಯ ಹೊಡೆತ. ಆಗಸ್ಟಿನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತಾದರೂ ಅದು ಹೊರಗಿನಿಂದ ಬಂದ ಉಕ್ಕನ್ನು ಸರಳಾಗಿ ಎಳೆಯುವ ಕೆಲಸ, ಅದಿರು ಕರಗಿಸುವುದಲ್ಲ. 2024ರಲ್ಲಿ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಭದ್ರಾವತಿಗೆ ಬಂದು ಹೋದ ಮೇಲೆ ಪುನಶ್ಚೇತನದ ಮಾತು ಮತ್ತೆ ಎದ್ದಿತು. ಯಾರು ಬಂಡವಾಳ ಹಾಕಿದರೂ ಮೊದಲು ಉತ್ತರಿಸಬೇಕಾದ್ದು ಒಂದೇ ಪ್ರಶ್ನೆ: ಅದಿರು ಯಾವ ಗಣಿಯಿಂದ, ಯಾವ ದರಕ್ಕೆ?